ಎಡಗಡೆ ಬಿಸಿಲು

ಕಲಬುರಗಿಯಿಂದ ಜೇವರ್ಗಿಗೆ
ಮುಂಜಾನಿ ಹೊಂಟರ ಬಿಸಿಲು ಎಡಕ್ಕ.
ಸಂಜಿಮುಂದ ತಿರುಗಿ ಬಂದರೂ ಎಡಕ್ಕೇ.
ಕಂಡಕ್ಟರ್ ಸೀಟು ಇರೋದೂ ಎಡಕ್ಕ, ಬಾಗಿಲ ಬಾಜೂಕ.
ಹನ್ನೊಂದು ವರ್ಷ ಈ ಲೆಕ್ಕ
ನನ್ನ ತಲಿಗೆ ಹೊಳೆದಿರಲಿಲ್ಲ.

ಮೊದಲು ಬಂದದ್ದು ಬೆರಳಿಗೆ.
ಚಿಲ್ಲರೆ ಎಣಿಸೋ ಬೆರಳು
ಮುಂಜಾನಿ ಎದ್ದರ ಮಡಚಲೊಲ್ಲವು,
ಬಾಗಿಸಿದರ ಖಡಕ್ ರೊಟ್ಟಿಯಂಗ ಮುರೀತಾವ ಅನ್ನಿಸೋದು.
ಆಮ್ಯಾಲ ದಣಿವು:
ರಾತ್ರಿಯೆಲ್ಲಾ ಭೀಮಾ ಹೊಳಿ ಉಸುಕು ಹೊತ್ತು
ಈಗ ಬುಟ್ಟಿ ಇಳಿಸಿದಂಥಾ ದಣಿವು.
ಆಮ್ಯಾಲ, ಯಾಕಂತ ತಿಳೀಲಾರದ ಅಳು.
ಫರಹತಾಬಾದ್ ದಾಟೂದ್ರೊಳಗ
ಟಿಕೆಟ್ ಮಷೀನಿನ ಮ್ಯಾಲ ಟಪ್ಪಂತ ಒಂದು ಹನಿ.

"ಮನಸ್ಸಿಗೆ ಹಚ್ಚಿಕೋಬ್ಯಾಡ" ಅಂದ್ರು ಒಬ್ಬ ಡಾಕ್ಟರು.
"ಗಂಡನ ಕೂಡ ಸರಿ ಅದೀರಿಲ್ಲೋ?" ಅಂದ್ರು ಇನ್ನೊಬ್ಬರು.
ಗ್ಯಾಸು, ರಕ್ತ ಕಮ್ಮಿ, ವಯಸ್ಸು.
ನಾದಿನಿ ಕಸ್ತೂರಬಾಯಿ ನಿಂಬೀಹಣ್ಣು ಇಳಿಸಿ
ನಾಕು ದಾರಿ ಕೂಡಿದಲ್ಲಿ ಒಗೆದು ಬಂದಳು.
ನಾನೂ ನಂಬಿದೆ:
ಮೈಯಾಗ ಏನೂ ಇಲ್ಲ, ಎಲ್ಲಾ ತಲಿಯಾಗೇ ಅದ.
ಆರು ವರ್ಷ.

ಆರನೇ ಬ್ಯಾಸಿಗ್ಯಾಗ ಮೂಗಿನ ಎರಡೂ ಮಗ್ಗಲಕ
ರೆಕ್ಕಿ ಬಿಚ್ಚಿತು ಕೆಂಪು ಚಿಟ್ಟಿ.
ಗಲ್ಲದ ಮ್ಯಾಲ ಕೂತದ್ದು ಹಾರಲಿಲ್ಲ.
ಡಾಕ್ಟರ್ ಅತಿಯಾ ಮೇಡಂ ಒಂದೊಂದೇ ಬೆರಳು ಹಿಡಿದು ನೋಡಿ,
ರಕ್ತ ತಗೊಂಡು,
ಹತ್ತು ದಿನಕ್ಕ ಒಂದು ಹೆಸರು ಕೊಟ್ಟರು: ಲೂಪಸ್.
ಖರೇ ಹೇಳ್ತೀನಿ, ಆ ದಿನ ನಾ
ಸೂಪರ್ ಮಾರ್ಕೆಟ್ಟಿನಾಗ ಅರ್ಧ ಕಿಲೋ ಪೇಡೆ ತಗೊಂಡು
ಡಿಪೋದಾಗ ಹಂಚಿದೆ.
"ಏನವ್ವ ಮಹಾನಂದಾ, ಪ್ರಮೋಷನ್ನೇನು?"
ಹೌದಂದೆ.
ಸುಳ್ಳುಬುರುಕಿ ಇದ್ದಾಕಿ ಪೇಶಂಟ್ ಆಗೀನಿ.

ಮೇಡಂ ಬಿಡಿಸಿ ಹೇಳಿದರು: ಮೈ ಕಾಯೋ ಸೈನಿಕರು
ಮೈಮ್ಯಾಲೇ ತಿರುಗಿಬಿದ್ದಾರಂತ.
ನಾ ಸೈನಿಕರನ್ನ ಎಲ್ಲಿ ಕಂಡೀನಿ?
ನನಗ ಕಂಡದ್ದು ಚೆಕಿಂಗ್ ಸ್ಕ್ವಾಡು.
ನಡುದಾರ್ಯಾಗ ಕೈ ಮಾಡಿ ಹತ್ತತಾರ,
ಟಿಕೆಟ್ ಇದ್ದವರನ್ನೂ ಕಳ್ಳರಂತಾರ,
ಮೊಣಕಾಲನ್ನ ಇಳಿಸ್ತಾರ, ಕಿಡ್ನಿಯನ್ನ ದಿಟ್ಟಿಸ್ತಾರ,
ನನ್ನ ಬಸ್ಸಿನಾಗ ನನ್ನನ್ನೇ ಕೇಳ್ತಾರ:
ನೀ ಯಾರವ್ವ?

ಈಗ ಬ್ಯಾರೇನೇ ತಕರಾರು.
ರಿಪೋರ್ಟ್ ಬಂದ ಮ್ಯಾಲ ಎಲ್ಲಾ ಮೈಯಾಗೇ ಅದ,
ತಲಿಯಾಗ ಏನೂ ಇಲ್ಲ ಅಂತಾರ.
"ರೋಗದ ಹೆಸರು ಸಿಕ್ಕಿತಲ್ಲ, ಮತ್ಯಾಕ ಅಳ್ತಿ?"
ಗುಳಿಗಿಗೆ ಮಾರಿ ಊದಿ ಚಂದ್ರಾಮ ಆತು.
ಮಗಳ ಫೋಟೋದಿಂದ ನಾನೇ ಸರಿದು ನಿಂತೆ.
ರಾತ್ರಿ ಮೂರಕ್ಕ ಎಚ್ಚರ; ಫರ್ಸಿಗೆ ಬೆನ್ನು ಹಚ್ಚಿ
ಕಲ್ಲಿನ ತಂಪು ಏರೂದನ್ನ ಕಾಯ್ತೀನಿ.
ಒಮ್ಮೊಮ್ಮೆ ಕಟ್ಟಿಸಂಗಾವಿ ಸೇತುವಿ ಬಂದಾಗ
ಕೆಳಗ ನೀರು ಎಷ್ಟು ಆಳ ಅದ ಅಂತ ಮನಸ್ಸು ಕೇಳ್ತದ.
ನಾ ಸೀಟಿ ಹೊಡೀತೀನಿ.
ರೈಟ್, ರೈಟ್.

ದವಾಖಾನಿ ಸಾಲಿನಾಗ ಹತ್ತು ಮಂದಿಗೆ ಒಂಬತ್ತು ಹೆಂಗಸರು.
ಅಫಜಲಪುರದ ನಸೀಮಾ
"ಬಿಸಿಲಿಗೆ ಹೆದರೋ ರೋಗ, ಅದೂ ನಮ್ಮ ಊರಾಗ!" ಅಂತ ನಗ್ತಾಳ.
ಆಮ್ಯಾಲ ಮೆಲ್ಲಕ, "ನಿದ್ದಿ ಬರ್ತದೇನು ಬಾಯಿ?"
ಇಷ್ಟು ವರ್ಷದಾಗ ಯಾರೂ ಕೇಳಿರಲಿಲ್ಲ.
ಸೇತುವಿ ಮಾತು ಬಾಯಿಂದ ಜಾರಿತು.
ಆಕಿ ನನ್ನ ರಟ್ಟಿ ಹಿಡಿದು ಒಳಗ ಒಯ್ದು
ಮೇಡಂ ಮುಂದ ಮತ್ತೊಮ್ಮೆ ಹೇಳಿಸಿದಳು.

ಈಗ ಎರಡು ಚೀಟಿ ಅವ, ಎರಡು ನಮೂನಿ ಗುಳಿಗಿ.
ರೂಟು ಬದಲಿಗೆ ಅರ್ಜಿ ಕೊಟ್ಟೀನಿ, ಉತ್ತರಿಲ್ಲ ಇನ್ನಾ.
ಅಲ್ಲೀತನಕ ಬಲಕ್ಕ ನಿಂತು ಟಿಕೆಟ್ ಹರೀತೀನಿ.
ಹೆಣ್ಣುಮಕ್ಕಳಿಗೆ ದುಡ್ಡಿಲ್ಲ, ಸೊನ್ನಿ ಟಿಕೆಟ್.
ಸೊನ್ನಿ ಇದ್ದರೂ ಹರೀಲೇಬೇಕು, ಎಣಿಸಲೇಬೇಕು.
ಇಲ್ಲಂದ್ರ ಆಕಿ ಈ ಬಸ್ಸಿನಾಗ ಇದ್ದಳು ಅನ್ನೂದಕ್ಕ
ಪುರಾವೆ ಏನು?

ಕಡೀ ಸೀಟಿನಾಗ ಒಬ್ಬಾಕಿ ಕೂತಾಳ,
ಸೆರಗು ಮಾರಿಮ್ಯಾಲ ಎಳಕೊಂಡು.
ಮೊದಲಾದ್ರ ಬಿಟ್ಟು ಮುಂದ ಹೋಗ್ತಿದ್ದೆ.
ಈಗ ಸೀಟು ಹಿಡಕೋತ ಅಲ್ಲೀತನ ನಡೀತೀನಿ,
ಮಷೀನು ಎತ್ತಿ ಕೇಳ್ತೀನಿ:
ಎಲ್ಲಿಗವ್ವ?